ಮೂವತ್ತು ಕಿಲೋ

ಶಾರ್ಜಾದ ರೋಲಾದಲ್ಲಿ, ಹಿಟ್ಟಿನ ಗಿರಣಿಯ ಪಕ್ಕ,
ಹದಿನೆಂಟು ವರ್ಷದಿಂದ ನಾನು ಲೆಕ್ಕ ಬರೆಯುವ ಕಾರ್ಗೋ ಅಂಗಡಿಯ
ಒಂದು ಮೂಲೆ ಖಾಲಿ ಇತ್ತು.
ಒಡೆದ ಫ್ಯಾನು, ಹೋದ ವರ್ಷದ ಕ್ಯಾಲೆಂಡರು, ಕಾಲು ಅಲುಗುವ ಸ್ಟೂಲು.
"ಅಪ್ಪಯ್ಯಾ, ಇದ್ರ ಬಾಡಿಗೆ ಎಷ್ಟು?" ಅಂದಳು ಪ್ರಣಮ್ಯ.
ಹದಿನಾರು ಇನ್ನೂ ತುಂಬಿರಲಿಲ್ಲ.
"ತಿಂಗಳಿಗೆ ಐವತ್ತು ದಿರ್ಹಂ, ಹೆಣೆ" ಎಂದು ನಕ್ಕೆ.
ಅವಳು ನಗಲಿಲ್ಲ.
ಮರುದಿನ ಐವತ್ತರ ನೋಟು ತಂದು ಲೆಡ್ಜರಿನ ಮೇಲಿಟ್ಟಳು.

ಚಿಕ್ಕಮ್ಮನನ್ನು ಬೀಳ್ಕೊಡಲು ಹೋದಾಗ ಕಂಡದ್ದಂತೆ:
ಏರ್‌ಪೋರ್ಟಿನ ಕೌಂಟರಿನ ಮುಂದೆ ಮಂಡಿಯೂರಿ ಒಬ್ಬ
ಮೂವತ್ತಾರು ಕಿಲೋವನ್ನು ಮೂವತ್ತು ಮಾಡುತ್ತಿದ್ದ.
ಹಾಲುಪುಡಿಯ ಡಬ್ಬ ಹೊರಗೆ, ಒಳಗೆ, ಮತ್ತೆ ಹೊರಗೆ.
ಕೊನೆಗೆ ಸಿಂಹದ ಚಿತ್ರದ ಕಂಬಳಿಯನ್ನು
ನೆಲ ಒರೆಸುವವನ ಕೈಗಿತ್ತು
ತಿರುಗಿ ನೋಡದೆ ನಡೆದ.
"ಒಂದು ತಕ್ಕಡಿ ಸಾಕಿತ್ತಲ್ಲ, ಅಪ್ಪಯ್ಯಾ."

ಪಾಲುದಾರಳು ಭಟ್ಕಳದ ಮಿಸ್ಬಾ.
ಅವಳ ಈದಿನ ದುಡ್ಡು, ಇವಳ ಹುಟ್ಟುಹಬ್ಬದ್ದು,
ಎರಡೂ ಸೇರಿ ಒಂದು ಕೊಕ್ಕೆ ತಕ್ಕಡಿ,
ಕಂದು ಟೇಪು, ನೀಲಿ ಹಗ್ಗ, ಕಪ್ಪು ಮಾರ್ಕರು.
ಪರವಾನಗಿ ಯಜಮಾನರದ್ದು, ಗದರಿಕೆ ನನ್ನದು.
ಒಂದು ಪೆಟ್ಟಿಗೆಗೆ ಐದು ದಿರ್ಹಂ: ತೂಗಿ, ತುಂಬಿ, ಬಿಗಿದು,
ನಾಲ್ಕೂ ಮಗ್ಗುಲಿಗೆ ಹೆಸರು ಬರೆದುಕೊಡುವುದು.
ಐದರಲ್ಲಿ ಒಂದು ದಿರ್ಹಂ ಹಳೆಯ ಬಿಸ್ಕತ್ತು ಡಬ್ಬಕ್ಕೆ.
ಕಂಪನಿ ಮುಚ್ಚಿ ಬರಿಗೈಲಿ ಹೊರಟವರ
ಹೆಚ್ಚುವರಿ ಕಿಲೋಗಳಿಗೆ ಆ ದುಡ್ಡು.
"ಅದು ನಮ್ಮದಲ್ಲ, ಅಮಾನತು" ಎನ್ನುವಳು ಮಿಸ್ಬಾ,
ಅಜ್ಜಿಯಂತೆ ಬೆರಳೆತ್ತಿ.

ಮೊದಲ ತಿಂಗಳು ನಷ್ಟ.
ಟೇಪು ಸುತ್ತಿದ್ದೇ ಸುತ್ತಿದ್ದು.
ಎರಡನೆಯ ತಿಂಗಳು ಒಬ್ಬ
ಕೆಲಸ ಹೋಯಿತೆಂದು ಅತ್ತು, ಡಬ್ಬದಿಂದ ಇನ್ನೂರು ಒಯ್ದು,
ವಾರ ಕಳೆಯುವುದರೊಳಗೆ ಎದುರಿನ ಅಂಗಡಿಯಲ್ಲಿ
ಹೊಸ ಮೊಬೈಲಿಗೆ ಗಾಜು ಅಂಟಿಸಿಕೊಳ್ಳುತ್ತಿದ್ದ.
ಹುಡುಗಿಯರು ಜಗಳಾಡಿದರು.
ನೀನೇ ಕೊಟ್ಟದ್ದು. ನೀನೇ ಅತ್ತದ್ದು.
ನಾಲ್ಕು ದಿನ ಮೂಲೆಗೆ ಬೆಡ್‌ಶೀಟು ಮುಚ್ಚಿತ್ತು.
ವ್ಯಾಪಾರ ಅಂದರೆ ಇಷ್ಟೇ, ಕಲಿಯಲಿ ಅಂದುಕೊಂಡೆ.
ಒಳಗೊಳಗೆ ಖುಷಿಯಾಗಿದ್ದೂ ನಿಜ,
ಸುಳ್ಳು ಯಾಕೆ ಹೇಳಲಿ.

ಐದನೆಯ ದಿನ ಜುಲೈ ನಡುಹಗಲು.
ರಸ್ತೆಯ ಡಾಂಬರು ಚಪ್ಪಲಿ ಹಿಡಿದೆಳೆಯುವ ಹೊತ್ತು.
ಬಾಗಿಲ ಹೊರಗೆ ಗಂಜಾಂ ಕಡೆಯ ಬಡಗಿ ಬನಮಾಳಿ,
ಎದೆಗವಚಿದ ಮರದ ಪೆಟ್ಟಿಗೆ.
ಆರು ತಿಂಗಳ ಸಂಬಳ ಬಾಕಿ, ಕೈಲಿ ಟಿಕೆಟ್ಟಿನ ಚೀಟಿ.
ಮಿಸ್ಬಾ ಚೀಟಿಯನ್ನು ಮೂರು ಸಲ ಓದಿದಳು.
ಕಂಪನಿಗೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ.
ಪ್ರಣಮ್ಯ ಬೆಡ್‌ಶೀಟು ಎಳೆದಳು.

ಉಳಿ, ಕೀಸುಳಿ, ಗರಗಸ, ಸುತ್ತಿಗೆ.
ಹನ್ನೊಂದು ಕಿಲೋ ಹೆಚ್ಚು.
ಡಬ್ಬದಲ್ಲಿದ್ದುದು ಏಳು ಕಿಲೋದಷ್ಟು.
ಉಳಿದ ನಾಲ್ಕಕ್ಕೆ ಏನು ಮಾಡುವುದೆಂದು ಹುಡುಗಿಯರು
ಕ್ಯಾಲ್ಕುಲೇಟರು ಒತ್ತುತ್ತಲೇ ಇದ್ದರು.
ಅವನು ನೆಲಕ್ಕೆ ಕೂತ.
ಒಂದೊಂದೇ ಉಪಕರಣ ಕೈಗೆತ್ತಿ
ಕಬ್ಬಿಣದಿಂದ ಮರವನ್ನು ಬಿಡಿಸತೊಡಗಿದ.
"ಲಕಡೀ ತೋ ಗಾಂವ್ ಮೇ ಭೀ ಹೈ" ಅಂದ,
ಮರ ನಮ್ಮೂರಲ್ಲೂ ಇದೆ ಎಂದು.
ಅಂಗೈ ಸವೆದು ಕನ್ನಡಿಯಾದ ಹಿಡಿಗಳು,
ಒಂಬತ್ತು, ನಮ್ಮ ಸಿಮೆಂಟು ನೆಲದ ಮೇಲೆ.
ಪೆಟ್ಟಿಗೆಯನ್ನೂ ಬಿಟ್ಟ. ರಟ್ಟಿನದ್ದು ಸಾಕೆಂದ.
ಕೊಕ್ಕೆಗೆ ಎತ್ತಿದಾಗ ಮುಳ್ಳು ನಡುಗಿ ನಡುಗಿ ನಿಂತಿತು.
ಯಾರೂ ಮಾತಾಡಲಿಲ್ಲ.
ಟೇಪು ಹರಿದ ಸದ್ದು ಮಾತ್ರ.

ಈಗ ಶುಕ್ರವಾರ ಸಂಜೆಗೆ ಸಾಲು ನಿಲ್ಲುತ್ತದೆ.
ಹತ್ತನೇ ತರಗತಿಯ ಗಣಿತದಲ್ಲಿ ಅಂಕ ಕಡಿಮೆ ಬಂತು,
ಅದರ ಬಗ್ಗೆ ಮನೆಯಲ್ಲಿ ಮಾತಾಗಿದೆ.

ಮೊನ್ನೆ ರಜೆಗೆ ಊರಿಗೆ ಹೊರಟು
ನನ್ನ ಪೆಟ್ಟಿಗೆಯನ್ನೂ ಆ ಮೂಲೆಗೊಯ್ದೆ.
ಮೂವತ್ತೊಂದೂ ಕಾಲು.
"ಏನಾದ್ರೂ ತೆಗೀರಿ" ಅಂದಳು, ತಲೆಯೆತ್ತದೆ.
ತೆಗೆದೆ. ಬಿಗಿದಳು. ಹೆಸರು ಬರೆದಳು.
ಮತ್ತೆ ಕೈ ಚಾಚಿದಳು.
"ಅಪ್ಪನ ಹತ್ರವೂ ಐದು ದಿರ್ಹಮಾ?"
"ಬಾಡಿಗೆ ತಕ್ಕಂಬತ್ತಿಗೆ ಅಪ್ಪ ಆಗಿರ್ಲಿಲ್ಯಾ?"
ಮಿಸ್ಬಾ ಮುಖ ತಿರುಗಿಸಿ ನಕ್ಕಳು.
ಕೊಟ್ಟೆ.
ಗಾಳಿಗೆ ಹಾರದಂತೆ ಉಳಿಯ ಹಿಡಿಯ ಕೆಳಗಿಟ್ಟಿದ್ದ
ರಸೀದಿ ಪುಸ್ತಕ ಎಳೆದು,
ನನ್ನ ಹೆಸರಿಗೊಂದು ಹರಿದುಕೊಟ್ಟಳು.