ಮೊದಲು ಓಡುವವನು

ರೂವಿಯ ಹಮ್ಮಬ್ಬನ ಕೆಫೆಟೇರಿಯಾ, ಶುಕ್ರವಾರ ರಾತ್ರಿ.
ಎಸಿ ಕೆಟ್ಟು ಬಾಗಿಲು ತೆರೆದಿಟ್ಟಿದ್ದಾರೆ.
ಒಳಗಿನ ಸೆಕೆ ಹೊರಗೆ, ಹೊರಗಿನದು ಒಳಗೆ,
ಅದೂ ಒಂದು ಅದಲುಬದಲು.

ಐದು–ಎರಡರಲ್ಲಿ ಸೋತು ಬಂದಿದ್ದೇವೆ.
ಲಿಗೋರಿ ಟಿಶ್ಯೂ ಕಾಗದದ ಮೇಲೆ ಲೆಕ್ಕ ಬರೆಯುತ್ತಾನೆ:
ಜಸ್ಕೀರತ್ ಬಂದ ಮೇಲೆ ಏಳು ಪಂದ್ಯ, ಹನ್ನೊಂದು ಗೋಲು.
"ನಿಮ್ಮ ದಾವಲಸಾಬ ಆರು ವರ್ಷದಲ್ಲಿ ಎಷ್ಟು ಹೊಡೆದ? ಒಂದು.
ಅದೂ ಎದುರಿನವನ ಸ್ಟಿಕ್ಕಿಗೆ ತಾಗಿ ಒಳಹೋದದ್ದು."
ಕಾಳಯ್ಯ ಸಮೋಸದ ತುದಿ ಮುರಿದು,
"ತಿಂದದ್ದನ್ನೂ ಬರಿ. ಹತ್ತೊಂಬತ್ತು."

ಹಾಕಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು:
ಪೆನಾಲ್ಟಿ ಕಾರ್ನರ್ ಆದಾಗ ಗೋಲಿನ ಗೆರೆಯಿಂದ ಒಬ್ಬ
ನೆಟ್ಟಗೆ ಓಡುತ್ತಾನೆ, ಹೊಡೆಯುವವನ ಎದುರಿಗೆ.
ಚೆಂಡಿನ ದಾರಿ ಕಿರಿದು ಮಾಡುವುದು ಅವನ ಕೆಲಸ ಎನ್ನುತ್ತಾರೆ.
ಕಿರಿದಾಗುವುದು ಅವನ ಮೊಣಕಾಲು.
ದಾವಲಸಾಬನ ಎಡಗಾಲಿನಲ್ಲಿ ಲಿಂಬೆಕಾಯಿಯಷ್ಟು ಗಂಟಿತ್ತು.
ಪ್ಯಾಡ್ ಕಟ್ಟಿಕೋ ಎಂದರೆ,
"ಬ್ಯಾಡ್ರಿ, ಓಟ ತಡಾ ಆಗ್ತೈತಿ."

ಮೇ ತಿಂಗಳಲ್ಲಿ ಸೊಹಾರಿನ ಕಂಪನಿ ಕೇಳಿತು.
ನಾವು ಕೊಟ್ಟದ್ದು ಅವನನ್ನು, ಪಡೆದದ್ದು ಹುಡುಗನನ್ನು,
ಜೊತೆಗೆ ಗೋಲ್‌ಕೀಪರನ ಒಂದು ಹಳೆ ಕಿಟ್ಟು.
ಕಮಿಟಿಯಲ್ಲಿ ಐವರು. ಇಬ್ಬರು ಹೂಂ, ಇಬ್ಬರು ಊಹೂಂ.
ಐದನೆಯ ಕೈ ನನ್ನದು.
ಪತ್ರ ಟೈಪು ಮಾಡಿದ್ದೂ ನಾನೇ, ಅರಬ್ಬಿಯಲ್ಲೊಂದು, ಇಂಗ್ಲಿಷಿನಲ್ಲೊಂದು.
ಕೊನೆಯ ಸಾಲು ಏನು ಬರೆದೀರಿ ಎಂದು ಕೇಳಿದ.
ಓದಿ ಹೇಳಿದೆ: ನಮ್ಮ ಅಭ್ಯಂತರವಿಲ್ಲ.
ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು,
"ಇಲ್ಲೇನ್ರಿ? ಯಾರಿಗೂ?"

"ಭಾವನೆಯಿಂದ ಟೀಮು ನಡೆಯುವುದಿಲ್ಲ," ಲಿಗೋರಿ.
"ಮೊಣಕಾಲಿನಿಂದ ನಡೆಯುತ್ತದೆ," ಕಾಳಯ್ಯ.
"ಅವನಿಗೆ ಮೂವತ್ತೆಂಟು."
"ನಿನಗೆ ಐವತ್ತೊಂದು, ನಿನ್ನನ್ನು ಯಾರಿಗೆ ಕೊಡುವ?"

ಮೂಲೆಯ ಮೇಜಿನಲ್ಲಿ ಜಸ್ಕೀರತ್
ಮಣಿಕಟ್ಟಿಗೆ ಐಸು ಹಿಡಿದು ಕೂತಿದ್ದಾನೆ.
ಇಪ್ಪತ್ತೆರಡು ವರ್ಷ. ಕನ್ನಡ ಬಾರದು.
ತನ್ನ ಹೆಸರು ಬಂದಾಗಲೆಲ್ಲ ತಲೆ ಎತ್ತುತ್ತಾನೆ,
ಆಮೇಲೆ ಐಸಿನ ಕಡೆ ನೋಡುತ್ತಾನೆ.

ಹಮ್ಮಬ್ಬ ಸುಲೈಮಾನಿ ತಂದಿಟ್ಟು ನಿಂತೇ ಹೇಳಿದ:
"ನನ್ನನ್ನೂ ಹೀಗೇ ಕೊಟ್ಟದ್ದು ಮಾರಾಯ್ರೆ,
ಎಂಬತ್ತೊಂಬತ್ತರಲ್ಲಿ, ಸಲಾಲಾದ ಅರ್ಬಾಬ ಇಲ್ಲಿಯ ಅರ್ಬಾಬನಿಗೆ.
ಬದಲಿಗೆ ಒಂದು ಪಿಕಪ್ಪು.
ಪಿಕಪ್ಪು ಎರಡು ವರ್ಷಕ್ಕೆ ಗುಜರಿಗೆ ಹೋಯಿತು.
ಲಾಭ ಯಾರಿಗೆ, ನೀವೇ ಲೆಕ್ಕ ಹಾಕಿ."
ಲಿಗೋರಿ ಪೆನ್ನು ಎತ್ತಿದ, ಬರೆಯಲಿಲ್ಲ.

ಯಾರೋ ಸೊಹಾರಿಗೆ ಫೋನು ಹಚ್ಚಿ ಸ್ಪೀಕರಿಗಿಟ್ಟರು.
ಹಿಂದೆ ಕ್ರೇನಿನ ಸದ್ದು. ನೈಟ್ ಶಿಫ್ಟು.
"ಆರಾಮದೀನ್ರಿ. ಪಗಾರ ಹನ್ನೆರಡು ರಿಯಾಲ್ ಜಾಸ್ತಿ.
ರೂಮಿನ್ಯಾಗ ಇಬ್ರ.
ಇಲ್ಲೆ ನನ್ನ ಓಡಸೂದಿಲ್ರಿ, ವಯಸ್ಸಾತು ಅಂತಾರ,
ಪೋಸ್ಟಿನ ಬಾಜೂಕ ನಿಂದರಸ್ತಾರ.
ಮೊಣಕಾಲು ಖುಷಿ ಐತಿ."
ಅವನು ಹೇಗಿದ್ದಾನೆಂದು ಅದು ಹೇಳಲಿಲ್ಲ.
"ಅಲ್ಲೆ ಈಗ ಯಾರು ಓಡ್ತಾರ?"
ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು.
ಲೈನು ಕಟ್ಟಾಗುವ ಮುಂಚೆ,
"ಹಮ್ಮಬ್ಬಗ ಹೇಳ್ರಿ, ಎರಡು ರಿಯಾಲ್ ಎಂಟುನೂರು ಬೈಸ, ಮರತಿಲ್ಲ."

ನಾನು ಮೂರು ರಿಯಾಲಿನ ನೋಟುಗಳನ್ನು ಗಲ್ಲಾದ ಮೇಲಿಟ್ಟೆ.
ಹಮ್ಮಬ್ಬ ಪುಸ್ತಕ ತೆರೆದ, ಹೆಸರಿನ ಮೇಲೆ ಬೆರಳಿಟ್ಟ,
ನೋಟುಗಳನ್ನು ನನ್ನ ಕಡೆಗೇ ತಳ್ಳಿದ:
"ಇದು ಅವನದ್ದು. ನೀವು ಹೊಡೆದು ಹಾಕಬೇಡಿ."

ಹೊರಗೆ ವ್ಯಾನಿನ ಹತ್ತಿರ ಜಸ್ಕೀರತ್ ಹಿಂದಿಯಲ್ಲಿ ಕೇಳಿದ,
ಅಷ್ಟು ಹೊತ್ತು ಏನು ಮಾತಾಡುತ್ತಿದ್ದರು ಅಂತ.
ಏನಿಲ್ಲ, ಎಂದೆ, ಮ್ಯಾಚಿನದ್ದು.