ಹದಿನೇಳನೇ ಷರತ್ತು

ಮೊದಲ ದಿನ ಡುಲೂತಿನ ಆ ಏಳನೇ ಮಹಡಿಯಲ್ಲಿ
ಕಾಫಿ ತರಲು ಹೇಳಿದರು.
ತಂದುಕೊಟ್ಟೆ. ಬಟ್ಟಲು ಇಡುತ್ತ ಇಡುತ್ತ
ಮೇಜಿನ ಮೇಲಿದ್ದ ಕರಡನ್ನು ತಲೆಕೆಳಗಾಗಿ ಓದಿಕೊಂಡೆ:
ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಓಣಿ ಇದೆ,
ಓಣಿಗೆ ಒಡೆಯನಿಲ್ಲ.
ಹೇಳಿದೆ. ಹನ್ನೊಂದು ಗಂಡಸರು
ಚಮಚ ತಿರುಗಿಸುವುದನ್ನು ನಿಲ್ಲಿಸಿದರು.

ಆಮೇಲೆ ಮೂವತ್ತೆಂಟು ವರ್ಷ.
ಗೋದಾಮು, ಗಿರಣಿ, ಬಂದರಿನ ಧಾನ್ಯದ ಕಣಜ,
ಪಾರ್ಕಿಂಗ್ ಜಾಗ. ಮನೆ ಒಂದನ್ನೂ ಮುಟ್ಟಲಿಲ್ಲ,
ಮನೆಯ ಕಾಗದಗಳ ಮೇಲೆ ಜನ ಅಳುತ್ತಾರೆ.
ಅಂಗಡಿಯ ಕಾಗದ ಒಣ. ನನಗೆ ಹಿಡಿಸಿತು.
ಆಚಂದ್ರಾರ್ಕ ಎಂದು ಇಲ್ಲಿ ಯಾರೂ ಬರೆಯುವುದಿಲ್ಲ;
ತೊಂಬತ್ತೊಂಬತ್ತು ವರ್ಷ, ಸಾಕು.
ಚಂದ್ರ ಸೂರ್ಯರ ಪರವಾಗಿ ಸಹಿ ಮಾಡುವವರು ಯಾರು?

ನಡುವೆ ಮದುವೆಯೊಂದು ಆಯಿತು, ಮುಗಿಯಿತು.
ನೋಟಿಸಿನ ಅವಧಿಯನ್ನು ಇಬ್ಬರೂ ಪಾಲಿಸಿದೆವು.
ಬಾಗಿಲ ಮೇಲೆ ಹೆಸರು ಬಂತು: ಐಲಿ ಮಟ್ಟಿಲಾ.
ಬರೆದವನು ಒಂದು 'ಟಿ' ನುಂಗಿದ್ದ,
ಮೂರು ತಿಂಗಳು ಹಾಗೇ ಇತ್ತು.

ನಿನ್ನೆ ವುಕೆಲಿಚ್ ಮುದುಕನ ಅಂಗಡಿಗೆ ಹೋದೆ,
ಬೂಟಿನ ಹಿಮ್ಮಡಿ ಸವೆದಿತ್ತು.
ಸರೋವರದ ಗಾಳಿ ಬಾಗಿಲು ನೂಕಿ
ನನಗಿಂತ ಮೊದಲು ಒಳಗೆ ನುಗ್ಗಿತು.
ಅವನು ಬೂಟು ಮುಟ್ಟಲಿಲ್ಲ. ಗಲ್ಲಾದ ಕೆಳಗಿನಿಂದ
ಒಂದು ಹಾಳೆ ತೆಗೆದ. ಓದು, ಅಂದ.

ಓದಬೇಕಿರಲಿಲ್ಲ.
"ಕಟ್ಟಡ ಕೆಡವುವ ಸಂದರ್ಭದಲ್ಲಿ ಬಾಡಿಗೆದಾರನು
ಅರವತ್ತು ದಿನಗಳೊಳಗೆ, ಯಾವ ಪರಿಹಾರವನ್ನೂ ಕೇಳದೆ..."
ಆ 'ಯಾವ' ನನ್ನದು.
ತೊಂಬತ್ತಾರರ ಮಾರ್ಚ್, ರಾತ್ರಿ ಹನ್ನೊಂದೂವರೆ,
ಒಂದು ಪದ ಸೇರಿಸಿ, ದೀಪ ಆರಿಸಿ,
ಖುಷಿಗೆ ಮನೆಯತನಕ ಹಿಮದಲ್ಲಿ ನಡೆದೇ ಹೋಗಿದ್ದೆ.

ಆದರೂ ನಿಂತಲ್ಲೇ ಹುಡುಕಿದೆ
ಒಂದು ಅಲ್ಪವಿರಾಮ, ಒಂದು 'ಅಥವಾ',
ಬೆರಳು ತೂರುವಷ್ಟು ಸಂದು.
ಇಲ್ಲ.
ಅವನೂ ನೋಡಿದ, ಕನ್ನಡಕ ಹಣೆಗೇರಿಸಿ,
ಹಾಳೆಯ ಅಂಚನ್ನು ಎರಡು ಹೆಬ್ಬೆರಳಲ್ಲಿ ಜಗ್ಗಿ,
ಚರ್ಮ ಜಗ್ಗಿ ನೋಡುವ ಹಾಗೆ.
"ಚೆನ್ನಾಗಿ ಹೊಲಿದಿದ್ದೀಯ," ಅಂದ. "ನೀರು ಇಳಿಯೋದಿಲ್ಲ."

ಕುಟುಕಿದನೇ? ಗೊತ್ತಾಗಲಿಲ್ಲ. ಕೆಲಸ ಬಲ್ಲವರ ಹೊಗಳಿಕೆ
ಹಾಗೇ ಇರುತ್ತದೆ.
ಆಮೇಲೆ ಬೂಟು ಮಗುಚಿ ಹಿಮ್ಮಡಿ ಸವರಿದ,
ಚೀಟಿ ಹರಿದು ಕೊಟ್ಟ: ಗುರುವಾರ.
ಅರವತ್ತನೇ ದಿನ ಬುಧವಾರ ಎಂದು
ಇಬ್ಬರೂ ಹೇಳಲಿಲ್ಲ.