ಷರಾ

ಮೇ ಹದಿನೆಂಟು, ಬೆಳಗಿನ ಎಂಟು ಗಂಟೆ.
ಕಂಪ್ಲಿ ಸೇತುವೆಯ ಆಚೆ ನನ್ನ ಅಳತೆಗಂಬ
ಬುಡದ ತನಕ ಬರಿಮೈಯಲ್ಲಿ ನಿಂತಿದೆ.
ಮೂರು ಬೆರಳು ನೀರು, ಯಾರದೋ ಒಂಟಿ ಚಪ್ಪಲಿ.
ರಿಜಿಸ್ಟರಿಗೆ ಬರೆಯುತ್ತೇನೆ: ಹರಿವು ಇಲ್ಲ.

ಕೋಣೆಯ ಗೋಡೆ ಸೋರುತ್ತದೆಂದು
ನನಗಿಂತ ಮೊದಲಿದ್ದ ವಿರುಪಣ್ಣ ಅಂಟಿಸಿ ಹೋದ ಭೂಪಟ.
ಬಲಮೂಲೆಯಲ್ಲಿ, ಮೇಜು ಹತ್ತಿದರೆ ಮಾತ್ರ ಓದಲು ಬರುವಷ್ಟು ಮೇಲೆ,
ಒಂದು ನೀಲಿ ಎಳೆ: ಇಂಡಿಗಿರ್ಕಾ.

ಇಂಡಿ ಗೊತ್ತು, ಬಿಜಾಪುರದ ಕಡೆ, ಲಿಂಬೆಹಣ್ಣಿನ ಊರು.
ಗಿರಕಿ ಗೊತ್ತು, ಸುಳಿಗೆ ಸಿಕ್ಕ ಹರಿಗೋಲು ಹೊಡೆಯುವುದು.
ಎರಡೂ ಕೂಡಿ ಅಷ್ಟು ದೂರ ಹೋಗಿ
ಹೆಪ್ಪುಗಟ್ಟಿದ್ದು ಯಾವಾಗ?

ಮಗಳು ಷಮೀನಾ ಶಾಲೆಯ ಪುಸ್ತಕ ತಂದು ಓದಿ ಹೇಳಿದಳು:
ಎಂಟು ತಿಂಗಳು ಅದು ನದಿಯಲ್ಲ ಅಬ್ಬಾ, ರಸ್ತೆ.
ಲಾರಿ ಓಡ್ತಾವ ಅದರ ಮ್ಯಾಲೆ.
ಉತ್ತರಕ್ಕೆ ಹೋದಂತೆ ದಂಡೆಯ ಮರಗಳು
ಎದೆಮಟ್ಟ, ಮೊಣಕಾಲುಮಟ್ಟ,
ಆಮೇಲೆ ಬರೀ ಪಾಚಿ.
ಎರಡು ಮೊಳ ಅಗೆದರೆ ಬೇಸಿಗೆಗೂ ಬಗ್ಗದ ಮಂಜುಗಡ್ಡೆ.
(ಇಲ್ಲಿ ಎರಡು ಮೊಳಕ್ಕೆ ಬಿಸಿ ಮರಳು,
ಇನ್ನೆರಡಕ್ಕೆ, ಪುಣ್ಯವಿದ್ದರೆ, ಒರತೆ.)

ಬಿಸಿಲಿಗೆ ಬೆನ್ನು ಕೊಟ್ಟು ಬಡಗಣಕ್ಕೆ ಹರಿಯುವ ನದಿ.
ಮೊದಲು ಕರಗುವುದು ಬೆಟ್ಟದ ಕಡೆಯ ತಲೆ;
ಸಮುದ್ರದ ಹತ್ತಿರ ಬಾಯಿ ಇನ್ನೂ ಕಟ್ಟಿಯೇ ಇರುತ್ತದೆ.

"ಹಂಗಾರ ನೀರು ಎಲ್ಲಿಗಿ ಹೋಗ್ಬೇಕು?"
ಬೋರಲು ಹಾಕಿದ ಹರಿಗೋಲಿನ ನೆರಳಲ್ಲಿ ಬೀಡಿ ಹಚ್ಚುತ್ತ
ಹುಲಿಗೆಪ್ಪ ಕೇಳಿದ.
ದಂಡಿ ಮ್ಯಾಲೆ, ಊರಾಗ, ಅಂದೆ.
ಬೀಡಿ ಅರ್ಧವಾಗುವ ತನಕ ಸುಮ್ಮನಿದ್ದ.
"ನಮ್ಮ ಅತ್ತಿಗಿಗಿ ಸಿಟ್ಟು ಬಂದಂಗ ನೋಡು.
ಒಳಗ ಎಲ್ಲಾ ಕರಗಿರ್ತದ, ಬಾಯಿ ಬಿಡಂಗಿಲ್ಲ.
ಆಮ್ಯಾಲೆ ಒಮ್ಮೆಲೆ ಭಾಂಡೆ ಸಾಮಾನು ಅಂಗಳಕ್ಕ."

ಪಟದಲ್ಲಿ ಆ ಸಮುದ್ರವೇ ಇಲ್ಲ, ಗೆದ್ದಲು ತಿಂದಿದೆ.
ನೀಲಿ ಎಳೆ ಮಣ್ಣಿನ ಕೊಳವೆಯೊಳಗೆ ಹೊಕ್ಕು
ಮತ್ತೆ ಹೊರಗೆ ಬರುವುದಿಲ್ಲ.
ಕೊಡವಿಬಿಡೋಣವೆಂದು ಪೊರಕೆ ಎತ್ತಿದವನು
ಹಾಗೇ ಇಳಿಸಿದೆ.

ಅಲ್ಲಿಯೂ ಒಬ್ಬ ಇರಬೇಕು,
ಬೈರಿಗೆಯಿಂದ ನದಿಗೆ ತೂತು ಕೊರೆದು
ಕೋಲು ಇಳಿಸಿ ಆಳ ಬರೆದುಕೊಳ್ಳುವವನು.
ಅವನ ಪೆನ್ನಿನ ಮಸಿ ಹೆಪ್ಪುಗಟ್ಟುತ್ತದೆ,
ನನ್ನದು ಜೇಬಿನಲ್ಲೇ ಸೋರುತ್ತದೆ.

ಒಂಬತ್ತು ಗಂಟೆ. ನೀರು ಅಷ್ಟೇ.
ಚಪ್ಪಲಿ ಮಾತ್ರ ಒಂದು ಮಾರು ಸರಿದಿತ್ತು, ನಾಯಿ ಇರಬೇಕು.
ಷರಾ ಎಂಬ ಕಾಲಮ್ಮಿನಲ್ಲಿ ಬರೆದೆ:
ತಲೆ ಕರಗಿದೆ. ಬಾಯಿಯ ಸುದ್ದಿ ಬಂದಿಲ್ಲ.

ಶನಿವಾರ ಸಾಹೇಬರು ಬಂದು
ಮಜ್ಜಿಗೆ ಕುಡಿದು, ಓದದೆ ಸಹಿ ಹಾಕಿದರು.